ಭತ್ತದ ಬೇರಿನ ಕಾಣದ ಆಳುಗಳು

ಗದ್ದೆಗೆ ಹತ್ತು ಚೀಲ ಯೂರಿಯಾ ಎರಚಿದರೆ ಪೈರಿಗೆ ನಿಜವಾಗಿ ದಕ್ಕುವುದು ಎಷ್ಟು ಚೀಲ? ಎಂಟೋ ಒಂಬತ್ತೋ ಇರಬಹುದು ಎಂದು ಊಹಿಸುವವರೇ ಹೆಚ್ಚು. ಕೃಷಿ ವಿಜ್ಞಾನಿಗಳ ಲೆಕ್ಕ ಬೇರೆ. ನೀರು ನಿಂತ ಭತ್ತದ ಗದ್ದೆಯಲ್ಲಿ, ಹಾಕಿದ ಸಾರಜನಕದ ಶೇಕಡಾ 30ರಿಂದ 40ರಷ್ಟನ್ನು ಮಾತ್ರ ಆ ಬೆಳೆ ಸಾಮಾನ್ಯವಾಗಿ ಹೀರಿಕೊಳ್ಳುತ್ತದೆ. ಹತ್ತರಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಚೀಲ. ಉಳಿದ ಆರೇಳು ಚೀಲಗಳಲ್ಲಿ ಒಂದಿಷ್ಟು ಮಣ್ಣಿನಲ್ಲೇ ಉಳಿದುಕೊಳ್ಳುತ್ತದೆ. ಮಿಕ್ಕದ್ದು ಗಾಳಿಗೆ ಹಾರುತ್ತದೆ, ಇಲ್ಲವೇ ನೀರಿನೊಡನೆ ಹರಿದು ಕಾಲುವೆ, ಕೆರೆ, ಬಾವಿಗಳನ್ನು ಸೇರುತ್ತದೆ. ಕಳ್ಳನಿಲ್ಲ, ಕಾವಲುಗಾರನಿಲ್ಲ, ಆದರೂ ಕಣಜ ಬರಿದಾಗುತ್ತದೆ.

ಈ ಕಳವು ನಡೆಯುವ ಬಗೆಯನ್ನು ಶಾಲಾ ಮಕ್ಕಳೂ ನೋಡಿ ತಿಳಿಯಬಹುದು. ಗದ್ದೆಯ ಕೆಸರನ್ನು ಗಾಜಿನ ಲೋಟಕ್ಕೆ ತುಂಬಿ, ಮೇಲೆ ಎರಡು ಬೆರಳು ನೀರು ನಿಲ್ಲಿಸಿ ಎರಡು ಮೂರು ವಾರ ಕಿಟಕಿಯ ಬಳಿ ಇಡಬೇಕು. ಕೆಸರಿನ ಮೇಲುಭಾಗದಲ್ಲಿ ಕೆಲವೇ ಮಿಲಿಮೀಟರು ದಪ್ಪದ ಕಂದು ಪದರವೊಂದು ಮೂಡುತ್ತದೆ. ಅದರ ಕೆಳಗೆ ಎಲ್ಲವೂ ಬೂದು, ನೀಲಿ ಮಿಶ್ರಿತ ಕಪ್ಪು. ಮೇಲಿನ ತೆಳು ಪದರಕ್ಕೆ ಆಮ್ಲಜನಕ ಸಿಗುತ್ತದೆ, ಕೆಳಗಿನದಕ್ಕೆ ಸಿಗುವುದಿಲ್ಲ. ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ಮೇಲಿನ ಪದರದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಅಲ್ಲಿ ಆಮ್ಲಜನಕಕ್ಕಾಗಿ ಬಾಯಿ ಬಿಡುತ್ತಿರುವ ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ಗುಳ್ಳೆಗಳಾಗಿ ಅದು ಬಂದ ದಾರಿಗೇ ಸುಂಕವಿಲ್ಲದೆ ಹೊರಡುತ್ತದೆ.

ಹೀಗೆ ಹೊರಟದ್ದರಲ್ಲಿ ಅಲ್ಪ ಭಾಗ ನೈಟ್ರಸ್ ಆಕ್ಸೈಡ್. ಒಂದು ನೂರು ವರ್ಷದ ಅವಧಿಯಲ್ಲಿ ನೋಡಿದರೆ ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಅದು, ತೂಕಕ್ಕೆ ತೂಕ, ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 273 ಪಟ್ಟು ಬಲಶಾಲಿ.

ಇನ್ನೊಂದು ಸೋರಿಕೆ ನಡೆಯುವುದು ಹಾಡುಹಗಲಲ್ಲೇ. ನಿಂತ ನೀರಿನ ಪಾಚಿಗಳು ಬಿಸಿಲಿನಲ್ಲಿ ಇಂಗಾಲದ ಡೈ ಆಕ್ಸೈಡನ್ನು ಹೀರಿದಂತೆ ನೀರಿನ ಕ್ಷಾರತೆ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಸಾಬೂನಿನ ನೀರಿನ ಮಟ್ಟವನ್ನು ಮುಟ್ಟುವುದೂ ಉಂಟು. ಅಂಥ ನೀರಿಗೆ ಯೂರಿಯಾ ಎರಚಿದರೆ ಅಮೋನಿಯಾ ಅನಿಲ ನೆಟ್ಟಗೆ ಆಕಾಶಕ್ಕೆ. ನೀರು ಬಸಿದು, ಸಂಜೆ ಹೊತ್ತು, ಕೆಸರಿಗೆ ಸೇರುವಂತೆ ಮೇಲುಗೊಬ್ಬರ ಕೊಡಿ ಎಂದು ತಿಳಿದವರು ಹೇಳುವುದು ಇದೇ ಕಾರಣಕ್ಕೆ.

ತಲೆಯ ಮೇಲೆ ಕಣಜ, ಬೇರಿನಲ್ಲಿ ಹಸಿವು

ಸಾರಜನಕಕ್ಕೇನು ಕೊರತೆಯಿಲ್ಲ. ಗಾಳಿಯಲ್ಲಿ ಶೇಕಡಾ 78 ಭಾಗ ಅದೇ. ಒಂದು ಹೆಕ್ಟೇರು ಗದ್ದೆಯ ಮೇಲೆ ನಿಂತಿರುವ ಗಾಳಿಯ ಕಂಬದಲ್ಲಿ ಸುಮಾರು 75 ಸಾವಿರ ಟನ್ ಸಾರಜನಕವಿದೆ. ಐದು ಟನ್ ಭತ್ತ ಬೆಳೆಯಲು ಪೈರಿಗೆ ಬೇಕಾದದ್ದು ನೂರು ಕೆ.ಜಿ.ಗೂ ಒಳಗೆ. ಆದರೆ ಗಾಳಿಯ ಸಾರಜನಕದ ಎರಡು ಪರಮಾಣುಗಳು ಒಂದನ್ನೊಂದು ಮೂರು ಕೈಗಳಿಂದ ತಬ್ಬಿಕೊಂಡಿವೆ. ಆ ಅಪ್ಪುಗೆಯನ್ನು ಬಿಡಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ, ಯಾವ ಪ್ರಾಣಿಗೂ ಇಲ್ಲ.

ಮನುಷ್ಯ ಅದನ್ನು ಬಿಡಿಸಿದ್ದು ಬೆಂಕಿ ಮತ್ತು ಒತ್ತಡದ ಬಲದಿಂದ. ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಪ್ರಯೋಗಶಾಲೆಯಲ್ಲಿ ಅಮೋನಿಯಾ ತಯಾರಿಸಿ ತೋರಿಸಿದ. ಕಾರ್ಲ್ ಬಾಷ್ 1913ರಲ್ಲಿ ಒಪ್ಪಾವ್ ಎಂಬಲ್ಲಿ ಅದನ್ನೇ ಕಾರ್ಖಾನೆ ಮಾಡಿದ. ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರೈವತ್ತು ಇನ್ನೂರು ಪಟ್ಟು ವಾಯುಭಾರದ ಒತ್ತಡ, ಜಲಜನಕಕ್ಕಾಗಿ ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲು. ಇಂದು ಜಗತ್ತಿನ ಕೋಟ್ಯಂತರ ಜನರ ತಟ್ಟೆಗೆ ಅನ್ನ ಬರುತ್ತಿರುವುದು ಈ ವಿಧಾನದ ಗೊಬ್ಬರದಿಂದ ಎಂಬುದನ್ನು ಮರೆತು ಯೂರಿಯಾವನ್ನು ಬರೇ ವಿಷವೆಂದು ಬೈಯುವುದು ಸರಿಯಲ್ಲ. ವಿಷವಾಗಿರುವುದು ಅದರ ಅತಿ.

ಅದೇ ಕೆಲಸವನ್ನು ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳು ತಣ್ಣಗೆ, ಸದ್ದಿಲ್ಲದೆ, ಕೆಸರಿನಲ್ಲಿ ಕುಳಿತು ಮಾಡುತ್ತವೆ. ಅವುಗಳ ಬಳಿ ನೈಟ್ರೋಜಿನೇಸ್ ಎಂಬ ಕಿಣ್ವವಿದೆ. ಕಾರ್ಖಾನೆಯ ಕುಲುಮೆ ಮಾಡುವುದನ್ನು ಅದು ಗದ್ದೆಯ ಉಷ್ಣತೆಯಲ್ಲೇ ಮಾಡುತ್ತದೆ. ಆದರೆ ಕೂಲಿ ದುಬಾರಿ. ಒಂದು ಸಾರಜನಕದ ಅಣುವನ್ನು ಒಡೆಯಲು ಜೀವಕೋಶ ಕನಿಷ್ಠ 16 ಎ.ಟಿ.ಪಿ. ಅಣುಗಳನ್ನು ಖರ್ಚು ಮಾಡಬೇಕು. ಎ.ಟಿ.ಪಿ. ಎಂದರೆ ಜೀವಕೋಶದ ಚಿಲ್ಲರೆ ಹಣ ಎನ್ನಬಹುದು. ಜೊತೆಗೆ ಆಮ್ಲಜನಕ ಸೋಕಿದರೆ ಈ ಕಿಣ್ವ ಕೆಟ್ಟುಹೋಗುತ್ತದೆ. ಊಟ ಧಾರಾಳವಾಗಿರಬೇಕು, ಗಾಳಿ ಮಿತವಾಗಿರಬೇಕು, ಇಷ್ಟು ಷರತ್ತು ಪೂರೈಸಿದರೆ ಮಾತ್ರ ಕೆಲಸ.

ಅವರೆ, ಉದ್ದು, ಹೆಸರು, ಶೇಂಗಾ ಮುಂತಾದ ದ್ವಿದಳ ಬೆಳೆಗಳು ಈ ಷರತ್ತುಗಳಿಗೆ ಒಪ್ಪಿ, ಬೇರಿನಲ್ಲಿ ಗಂಟುಗಳೆಂಬ ಕೋಣೆಗಳನ್ನೇ ಕಟ್ಟಿಕೊಟ್ಟಿವೆ. ಒಳಗೆ ರೈಜೋಬಿಯಂ ಬ್ಯಾಕ್ಟೀರಿಯಾ ಬಿಡಾರ ಹೂಡುತ್ತದೆ. ಇದನ್ನು ಜರ್ಮನಿಯ ಹೆಲ್ರೀಗೆಲ್ ಎಂಬ ವಿಜ್ಞಾನಿ 1886ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ. ನಮ್ಮ ಹಿರಿಯರಿಗೆ ಹೆಸರು ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಕರಾವಳಿಯಲ್ಲಿ ಏಣೆಲು ಕೊಯ್ಲಾದ ಗದ್ದೆಗೆ ಉದ್ದು ಚೆಲ್ಲುವ ಪದ್ಧತಿ ಇಂದಿಗೂ ಅಲ್ಲಲ್ಲಿ ಉಳಿದಿದೆ.

ಭತ್ತಕ್ಕೆ ಗಂಟಿಲ್ಲ. ಹಾಗಾದರೆ ಗೊಬ್ಬರದ ಚೀಲ ಕಾಣುವ ಮೊದಲು ಸಾವಿರಾರು ವರ್ಷ ಅದೇ ಗದ್ದೆಯಲ್ಲಿ ಅದೇ ಭತ್ತ ಬೆಳೆದದ್ದು ಹೇಗೆ? ಈ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು ನಮ್ಮ ದೇಶದ ವಿಜ್ಞಾನಿಯಿಂದಲೇ. ಪಿ.ಕೆ. ಡೇ ಎಂಬವರು ಬಂಗಾಳದ ಭತ್ತದ ಮಣ್ಣನ್ನು ಪರೀಕ್ಷಿಸಿ, ಗದ್ದೆಯ ನೀರಿನ ನೀಲಿ-ಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ ಎಂದು 1939ರಲ್ಲಿ ಪ್ರಕಟಿಸಿದರು. ಪಾಚಿ ಎಂಬ ಹೆಸರಿದ್ದರೂ ಇವು ವಾಸ್ತವವಾಗಿ ಬ್ಯಾಕ್ಟೀರಿಯಾಗಳೇ. ಅಜೋಲ್ಲಾ ಎಂಬ ತೇಲುವ ಪುಟ್ಟ ಜರೀಗಿಡದ ಎಲೆಯೊಳಗೆ ಮನೆ ಮಾಡಿಕೊಂಡಿರುವುದೂ ಇದೇ ಬಳಗದ ಒಂದು ಜೀವಿ.

ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದಲ್ಲಿ ಒಂದು ಪ್ರಯೋಗ ಆರಂಭವಾಯಿತು. ವರ್ಷಕ್ಕೆ ಮೂರು ಬೆಳೆಯಂತೆ ದಶಕಗಟ್ಟಲೆ ಭತ್ತದ ಮೇಲೆ ಭತ್ತ ಬೆಳೆದರೂ, ಸಾರಜನಕವನ್ನೇ ಹಾಕದ ಮಡಿಗಳು ಬಂಜೆಯಾಗಲಿಲ್ಲ. ಇಳುವರಿ ಕಡಿಮೆ ನಿಜ, ಆದರೆ ಕುಸಿಯುತ್ತ ಹೋಗಲಿಲ್ಲ. ಕೆಸರಿನ ಜೀವಿಗಳೆಲ್ಲ ಸೇರಿ ಒಂದು ಬೆಳೆಯ ಅವಧಿಯಲ್ಲಿ ಹೆಕ್ಟೇರಿಗೆ ಸರಾಸರಿ 30 ಕೆ.ಜಿ.ಯಷ್ಟು ಸಾರಜನಕ ಕೂಡಿಸುತ್ತವೆ ಎಂಬುದು ವಿಜ್ಞಾನಿಗಳ ಅಂದಾಜು.

ಬ್ರೆಜಿಲಿನ ಹುಲ್ಲಿನಿಂದ ಬಂದ ಅತಿಥಿ

ಇಂದು ಭತ್ತದ ರೈತನ ಕೈಗೆ ಬರುವ ಜೀವಾಣು ಗೊಬ್ಬರದ ಪೊಟ್ಟಣಗಳಲ್ಲಿ ಮುಖ್ಯವಾದದ್ದು ಅಜೋಸ್ಪಿರಿಲಂ. ಡಚ್ ವಿಜ್ಞಾನಿ ಬೈಯರಿಂಕ್ 1925ರಲ್ಲೇ ಇದನ್ನು ವರ್ಣಿಸಿದ್ದರೂ ಐವತ್ತು ವರ್ಷ ಅದರತ್ತ ಹೆಚ್ಚು ಜನ ತಿರುಗಿ ನೋಡಲಿಲ್ಲ. ಅದಕ್ಕೆ ಮರುಜನ್ಮ ಕೊಟ್ಟವರು ಯೊಹಾನ ಡೊಬರೈನರ್ ಎಂಬ ಮಹಿಳೆ. ಅವರು ಹುಟ್ಟಿದ್ದು 1924ರಲ್ಲಿ, ಆಗಿನ ಚೆಕೊಸ್ಲೊವಾಕಿಯಾದಲ್ಲಿ. ಮಹಾಯುದ್ಧದ ನಂತರ ನೆಲೆ ತಪ್ಪಿ, ಮ್ಯೂನಿಕ್‌ನಲ್ಲಿ ಕೃಷಿ ಓದಿ, 1950ರ ಹೊತ್ತಿಗೆ ಬ್ರೆಜಿಲ್ ಸೇರಿದರು. ರಿಯೋ ನಗರದ ಸಮೀಪದ ಸಂಶೋಧನಾ ಕೇಂದ್ರವೊಂದರಲ್ಲಿ ಹುಲ್ಲುಗಳ ಬೇರನ್ನು ತೊಳೆದು ತೊಳೆದು ನೋಡುವುದೇ ಅವರ ಕೆಲಸವಾಯಿತು. ಗಂಟಿಲ್ಲದ ಹುಲ್ಲಿನ ಬೇರಿನಲ್ಲೂ ಸಾರಜನಕ ಹಿಡಿಯುವ ಜೀವಿಗಳಿವೆ ಎಂಬುದು ಅವರ ವಾದ. ಭತ್ತ, ರಾಗಿ, ಜೋಳ, ಕಬ್ಬು ಎಲ್ಲವೂ ಹುಲ್ಲಿನ ಕುಲದವೇ ಎಂಬುದನ್ನು ನೆನಪಿಸಿಕೊಂಡರೆ ಈ ವಾದದ ಬೆಲೆ ಅರಿವಾದೀತು.

ಅವರ ಉಪಾಯ ಸೊಗಸಾಗಿತ್ತು. ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು, ಆದರೆ ಹೆಚ್ಚು ಬೇಡ. ತಟ್ಟೆಯ ಮೇಲೆ ಬೆಳೆಸಲು ಹೋದರೆ ಗಾಳಿ ಹೆಚ್ಚಾಗಿ ಸಾರಜನಕ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಡೊಬರೈನರ್ ಅದಕ್ಕೆ ಗಂಜಿಯಂತೆ ಅರೆಗಟ್ಟಿಯಾದ ಮಾಧ್ಯಮವನ್ನು ಪುಟ್ಟ ಸೀಸೆಯಲ್ಲಿ ತುಂಬಿ ಕೊಟ್ಟರು. ಬ್ಯಾಕ್ಟೀರಿಯಾ ತಾನೇ ಈಜಿಕೊಂಡು, ಮೇಲ್ಮೈಯಿಂದ ತುಸು ಕೆಳಗೆ, ತನಗೆ ಹಿತವಾದ ಮಟ್ಟದಲ್ಲಿ ಬಿಳಿಯ ತೆಳು ಪರದೆಯಂತೆ ನೆಲೆ ನಿಂತಿತು! ಇಂದಿಗೂ ಕೃಷಿ ಕಾಲೇಜುಗಳ ಸೂಕ್ಷ್ಮಜೀವಿ ವಿಭಾಗಗಳಲ್ಲಿ ವಿದ್ಯಾರ್ಥಿಗಳು ಆ ಬಿಳಿ ಪರದೆಯನ್ನು ನೋಡಿಯೇ ಇದನ್ನು ಗುರುತಿಸಲು ಕಲಿಯುತ್ತಾರೆ. 1978ರಲ್ಲಿ ಡೊಬರೈನರ್ ಮತ್ತು ಸಂಗಡಿಗರು ಅಜೋಸ್ಪಿರಿಲಂ ಎಂಬ ಕುಲನಾಮ ಕೊಟ್ಟರು. ಅವರು 2000ದಲ್ಲಿ ತೀರಿಕೊಂಡರು.

ಭತ್ತದ ಬೇರು ಈ ಜೀವಿಗೆ ಹೇಳಿ ಮಾಡಿಸಿದ ಜಾಗ. ಭತ್ತದ ಕಾಂಡದಲ್ಲೂ ಬೇರಿನಲ್ಲೂ ಗಾಳಿಯ ಕೊಳವೆಗಳಿವೆ. ಎಲೆಯಿಂದ ಕೆಸರಿನೊಳಗಿನ ಬೇರಿನ ತುದಿಯವರೆಗೆ ಆಮ್ಲಜನಕ ಇಳಿಯುವುದು ಅವುಗಳ ಮೂಲಕ. ಅದರಲ್ಲಿ ಸ್ವಲ್ಪ ಹೊರಗೆ ಸೋರುತ್ತದೆ. ಕಿತ್ತ ಪೈರಿನ ಬೇರಿಗೆ ಅಂಟಿಕೊಂಡಿರುವ ಕೆಂಪು-ಕಿತ್ತಳೆ ಲೇಪ ಈ ಸೋರಿಕೆಯದೇ ಗುರುತು, ಕಬ್ಬಿಣದ ತುಕ್ಕು. ಬೇರು ಸಕ್ಕರೆ, ಸಾವಯವ ಆಮ್ಲಗಳನ್ನೂ ಸುತ್ತ ಒಸರುತ್ತಿರುತ್ತದೆ. ಊಟವೂ ಆಯಿತು, ಮಿತವಾದ ಗಾಳಿಯೂ ಆಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 1970ರ ದಶಕದಲ್ಲಿ ಹಲವರು ಹಾಗೆಯೇ ನಂಬಿದ್ದರು, ಇನ್ನೇನು ಭತ್ತಕ್ಕೂ ಗೋಧಿಗೂ ಗೊಬ್ಬರವೇ ಬೇಡ ಎಂದು. ಆದರೆ ಅಳೆದು ನೋಡಿದಾಗ ಅಜೋಸ್ಪಿರಿಲಂ ಹಿಡಿದು ಗಿಡಕ್ಕೆ ನೇರವಾಗಿ ಕೊಡುವ ಸಾರಜನಕ ಅಲ್ಪವೇ ಎಂದು ಕಂಡುಬಂತು. ಹಾಗಿದ್ದರೂ ಪೈರು ಹಸನಾಗುತ್ತಿತ್ತು. ಯಾಕೆ? ಉತ್ತರ ಬೇರಿನಲ್ಲಿತ್ತು. ಈ ಬ್ಯಾಕ್ಟೀರಿಯಾ ಆಕ್ಸಿನ್ ಎಂಬ ಸಸ್ಯ ಹಾರ್ಮೋನನ್ನು ತಯಾರಿಸುತ್ತದೆ. ಅದರ ಪ್ರಭಾವದಿಂದ ಬೇರಿಗೆ ಕವಲು ಹೆಚ್ಚು, ಬೇರುಗೂದಲು ಹೆಚ್ಚು. ಬೇರು ಹೆಚ್ಚಿದರೆ ಬಾಯಿ ಹೆಚ್ಚಿದಂತೆ. ಹಾಕಿದ ಯೂರಿಯಾ ಗಾಳಿಗೆ ಹಾರುವ ಮೊದಲು ಅದನ್ನು ಕಬಳಿಸುವ ಬಾಯಿಗಳವು. ಅಂದರೆ ಈ ಆಳು ಹೊರಗಿನಿಂದ ಭತ್ತ ತಂದು ಕಣಜ ತುಂಬುವುದಕ್ಕಿಂತ, ಕಣಜದ ಕಂಡಿಗಳನ್ನು ಮುಚ್ಚುವುದರಲ್ಲಿ ಹೆಚ್ಚು ಕುಶಲ. ಯೂರಿಯಾ ಬಿಟ್ಟುಬಿಡಿ ಎನ್ನದೆ, ಕಡಿಮೆ ಮಾಡಿ ಎಂದು ಹೇಳುವುದಕ್ಕೆ ಇದೇ ಮುಖ್ಯ ಕಾರಣ.

ಈಜಿಪ್ಟಿನಿಂದ ಬಂದ ಒಂದು ಕುತೂಹಲದ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ನೈಲ್ ನದಿಯ ಮುಖಜ ಭೂಮಿಯಲ್ಲಿ ಏಳು ಶತಮಾನಗಳಿಂದ ಭತ್ತದ ನಂತರ ಬರ್ಸೀಂ ಎಂಬ ಮೇವಿನ ದ್ವಿದಳ ಬೆಳೆಯನ್ನು ಬೆಳೆಯುತ್ತ ಬಂದಿದ್ದಾರೆ. ಹಾಗೆ ಬೆಳೆದ ಗದ್ದೆಯಲ್ಲಿ ಮುಂದಿನ ಭತ್ತಕ್ಕೆ ಶಿಫಾರಸಿನ ಸಾರಜನಕದ ಶೇಕಡಾ 25ರಿಂದ 33ರಷ್ಟು ಉಳಿತಾಯವಾಗುತ್ತದೆ. ಬರ್ಸೀಂ ಕೊಳೆತು ಗೊಬ್ಬರವಾಯಿತು ಎಂದಷ್ಟೇ ಹೇಳಿದರೆ ಈ ಲೆಕ್ಕ ಕೂಡುತ್ತಿರಲಿಲ್ಲ. ಈಜಿಪ್ಟಿನ ಯಾನಿ, ಅಮೆರಿಕದ ಡ್ಯಾಜೊ ಮತ್ತು ಸಂಗಡಿಗರು ಭತ್ತದ ಬೇರನ್ನು ಸೀಳಿ ನೋಡಿದರು. ಬರ್ಸೀಂನ ಗಂಟಿನಲ್ಲಿರಬೇಕಾದ ರೈಜೋಬಿಯಂ ಭತ್ತದ ಬೇರಿನ ಒಳಗೇ ಸುಖವಾಗಿ ಬಾಳುತ್ತಿತ್ತು! ಗಂಟು ಕಟ್ಟದೆ, ರೋಗ ತರದೆ. 1997ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಲ್ಲಿಯೂ ಲಾಭ ಬಂದದ್ದು ಮುಖ್ಯವಾಗಿ ಬೇರು ಹಿಗ್ಗಿದ್ದರಿಂದ, ಸಾರಜನಕ ಹಿಡಿದದ್ದರಿಂದ ಅಲ್ಲ. ಬಿಡಾರದ ಪಕ್ಕದ ಮನೆಯಲ್ಲೇ ಇಂಥ ನೆಂಟಸ್ತನ ಏಳು ನೂರು ವರ್ಷ ನಡೆದಿದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಲ್ಲ ಗದ್ದೆಯಲ್ಲೂ ಫಲಿಸದು

ಜಾಹೀರಾತುಗಳು ಹೇಳದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಇಸ್ರೇಲಿನ ಯಾಕೊವ್ ಓಕೊನ್ ಮತ್ತು ಉರುಗ್ವೆಯ ಲಬಂದೇರ-ಗೊನ್ಸಾಲೆಸ್ ಎಂಬ ವಿಜ್ಞಾನಿಗಳು ಅಜೋಸ್ಪಿರಿಲಂ ಕುರಿತು ಲೋಕದ ನಾನಾ ಕಡೆ ಇಪ್ಪತ್ತು ವರ್ಷ ನಡೆದ ಹೊಲದ ಪ್ರಯೋಗಗಳನ್ನೆಲ್ಲ 1994ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಶೇಕಡಾ 60ರಿಂದ 70 ಪ್ರಯೋಗಗಳಲ್ಲಿ ಇಳುವರಿ ಹೆಚ್ಚಿತ್ತು, ಹೆಚ್ಚಳ ಶೇಕಡಾ 5ರಿಂದ 30. ಹಾಗಾದರೆ ಹತ್ತರಲ್ಲಿ ಮೂರು ನಾಲ್ಕು ಕಡೆ ಹೇಳಿಕೊಳ್ಳುವಂಥ ಫಲವಿಲ್ಲ. ವಿಜ್ಞಾನಿಗೆ ಇದು ಒಳ್ಳೆಯ ಫಲಿತಾಂಶವೇ. ಒಂದೂವರೆ ಎಕರೆ ನಂಬಿ ಬದುಕುವ ಕುಟುಂಬಕ್ಕೆ ಹತ್ತರಲ್ಲಿ ಮೂರು ಎಂಬುದು ಸಣ್ಣ ಅಂಕಿಯಲ್ಲ.

ವಿಯೆಟ್ನಾಮಿನ ಅನುಭವವೂ ಹೀಗೇ ಎರಡು ಬಾಯಿಯದು. ಹನೋಯಿಯ ನ್ಗುಯೆನ್ ಥಾನ್ ಹಿಯೆನ್ ಎಂಬ ವಿಜ್ಞಾನಿ ರೂಪಿಸಿದ ಬಯೋಗ್ರೋ ಎಂಬ ಜೀವಾಣು ಗೊಬ್ಬರದಲ್ಲಿ ಕೆಲವು ಬ್ಯಾಕ್ಟೀರಿಯಾಗಳ ಜೊತೆ ಮಣ್ಣಿನ ಯೀಸ್ಟ್ ಕೂಡ ಇದೆ. ಸಿಡ್ನಿ ವಿಶ್ವವಿದ್ಯಾಲಯದ ಐವನ್ ಕೆನಡಿ ಮತ್ತು ಸಂಗಡಿಗರು ಸೇರಿ ಮೆಕಾಂಗ್ ನದಿ ಬಯಲಿನ ರೈತರ ಗದ್ದೆಗಳಲ್ಲೇ ಅದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಇಳುವರಿ ಇಳಿಯದೆ ಸಾರಜನಕ ಗೊಬ್ಬರದ ಶೇಕಡಾ 23ರಿಂದ 52ರಷ್ಟನ್ನು ಕಡಿಮೆ ಮಾಡಲು ಸಾಧ್ಯವಾಯಿತು. ಪತ್ರಿಕೆಗಳಿಗೆ 52 ಪ್ರಿಯವಾಗುತ್ತದೆ. ರೈತ ಕೈಯಲ್ಲಿ ಹಿಡಿದುಕೊಳ್ಳಬೇಕಾದದ್ದು 23.

ಇಷ್ಟು ಏರುಪೇರು ಯಾಕೆ? ಮಣ್ಣು ಬೇರೆ, ತಳಿ ಬೇರೆ, ಮಣ್ಣಿನಲ್ಲಿ ಮೊದಲೇ ಇರುವ ಸಾವಿರಾರು ಬಗೆಯ ಸೂಕ್ಷ್ಮಜೀವಿಗಳ ಪೈಪೋಟಿ ಬೇರೆ. ಆದರೆ ಬಹುಮುಖ್ಯ ಕಾರಣ ಯೂರಿಯಾವೇ. ಸುತ್ತ ಅಮೋನಿಯಂ ತುಂಬಿ ತುಳುಕುತ್ತಿದ್ದರೆ ಬ್ಯಾಕ್ಟೀರಿಯಾ ನೈಟ್ರೋಜಿನೇಸ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಮನೆ ಬಾಗಿಲಿಗೆ ಊಟ ಬಂದು ಬೀಳುತ್ತಿದ್ದರೆ ಒಲೆ ಹೊತ್ತಿಸುವವರು ಯಾರು? ಅಷ್ಟೇ ಅಲ್ಲ, ಎಟುಕಿನಲ್ಲೇ ಎಲ್ಲ ಸಿಗುವಾಗ ಹೆಚ್ಚು ಬೇರಿನಿಂದ ಪೈರಿಗೂ ವಿಶೇಷ ಲಾಭವಿಲ್ಲ. ಇದಕ್ಕೆ ವಿರುದ್ಧ ತುದಿಯೂ ಅಪಾಯದ್ದೇ. ಗೊಬ್ಬರವನ್ನು ಪೂರ್ತಿ ನಿಲ್ಲಿಸಿದರೆ ಪೈರು ಸೊರಗುತ್ತದೆ, ಸೊರಗಿದ ಪೈರಿನ ಬೇರು ಒಸರುವ ಸಕ್ಕರೆಯೂ ಅಷ್ಟಕ್ಕಷ್ಟೇ, ಬ್ಯಾಕ್ಟೀರಿಯಾಗಳಿಗೂ ಉಪವಾಸ. ಸುಮಾರು ಮುಕ್ಕಾಲು ಪಾಲು ಗೊಬ್ಬರದ ಜೊತೆ ಜೀವಾಣು ಎಂಬ ಮಧ್ಯಮ ಮಾರ್ಗ ಹುಟ್ಟಿಕೊಂಡದ್ದು ಹೀಗೆ.

ಅರ್ಧ ಚೀಲದ ಲೆಕ್ಕ

ಈಗ ಪಾಟಿ ಹಿಡಿದು ಲೆಕ್ಕ ಹಾಕಬಹುದು. ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ ಎಂದಿಟ್ಟುಕೊಂಡರೆ ಎಕರೆಗೆ 40 ಕೆ.ಜಿ. ಯೂರಿಯಾದಲ್ಲಿ ಶೇಕಡಾ 46 ಸಾರಜನಕ, ಆದ್ದರಿಂದ ಎಕರೆಗೆ 87 ಕೆ.ಜಿ. ಯೂರಿಯಾ, ಅಂದರೆ 45 ಕೆ.ಜಿ.ಯ ಎರಡು ಚೀಲ. ಚೀಲದ ತೂಕ 50ರಿಂದ 45 ಕೆ.ಜಿ.ಗೆ ಇಳಿದದ್ದು 2018ರಲ್ಲಿ. ಕಾಲು ಭಾಗ ಕಡಿಮೆ ಮಾಡಿದರೆ ಉಳಿಯುವುದು ಸುಮಾರು 22 ಕೆ.ಜಿ., ಅರ್ಧ ಚೀಲ.

ಅರ್ಧ ಚೀಲ ಯೂರಿಯಾಕ್ಕೆ ಎಷ್ಟು ರೂಪಾಯಿ? ಒಂದು ಚೀಲ ರೈತನಿಗೆ ಸಿಗುತ್ತ ಬಂದಿರುವುದು ಸುಮಾರು 266 ರೂಪಾಯಿಗೆ, ಆದ್ದರಿಂದ ಉಳಿತಾಯ 133 ರೂಪಾಯಿ. ಜೀವಾಣುವಿನ ಪೊಟ್ಟಣಗಳಿಗೆ ಕೊಡುವ ಹಣವನ್ನೂ ಕೂಲಿಯನ್ನೂ ಕಳೆದರೆ ಜೇಬಿನಲ್ಲಿ ನಿಲ್ಲುವುದು ಹೇಳಿಕೊಳ್ಳುವಂಥದ್ದಲ್ಲ. ಸಬ್ಸಿಡಿಯಿಂದ ಅಗ್ಗವಾಗಿರುವ ಯೂರಿಯಾವನ್ನು ರೈತ ಯಾಕೆ ಕಡಿಮೆ ಮಾಡುವುದಿಲ್ಲ ಎಂದು ಪಟ್ಟಣದಲ್ಲಿ ಕುಳಿತು ಗೊಣಗುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು. ನಿಜವಾದ ಬೆಲೆಯ ದೊಡ್ಡ ಪಾಲನ್ನು ತೆರುವುದು ಸರ್ಕಾರದ ಬೊಕ್ಕಸ. ಕಡಿಮೆ ಮಾಡಿ ನಷ್ಟವಾದರೆ ಅದನ್ನು ತೆರುವುದು ಮಾತ್ರ ರೈತನೊಬ್ಬನೇ.

ಹಾಗೆಂದು ರೈತನಿಗೆ ಲಾಭವೇ ಇಲ್ಲವೆಂದಲ್ಲ, ಅದು ಬೇರೆ ಬಾಗಿಲಿನಿಂದ ಬರುತ್ತದೆ. ಯೂರಿಯಾ ಅತಿಯಾದ ಪೈರು ಕಡು ಹಸಿರಾಗಿ, ಮೆತ್ತಗಾಗಿ, ನೋಡಲು ಚೆಂದ. ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ಅದೇ ಚೆಂದ. ತೆನೆ ಬಲಿಯುವ ಹೊತ್ತಿಗೆ ಒಂದು ಗಾಳಿ ಮಳೆ ಬಂದರೆ ಅಂಥ ಪೈರು ಮಲಗಿಬಿಡುತ್ತದೆ. ಔಷಧಿ ಸಿಂಪಡಣೆ ಒಂದು ಸಲ ತಪ್ಪಿದರೂ ಅರ್ಧ ಚೀಲದ ಉಳಿತಾಯಕ್ಕಿಂತ ಅದು ದೊಡ್ಡದು.

ರಂಜಕದ ಮಾತನ್ನು ಇಲ್ಲಿ ಚಿಕ್ಕದಾಗಿ ಸೇರಿಸಬಹುದು. ಮಣ್ಣಿಗೆ ಹಾಕಿದ ರಂಜಕ ಗಾಳಿಗೆ ಹಾರುವುದಿಲ್ಲ, ಬದಲಿಗೆ ಅಲ್ಲೇ ಬಂದಿಯಾಗುತ್ತದೆ. ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟರೆ, ತುಂಗಭದ್ರಾ ಬಯಲಿನ ಕಪ್ಪು ಮಣ್ಣಿನಲ್ಲಿ ಸುಣ್ಣ ಹಿಡಿದಿಡುತ್ತದೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳು ಸಾವಯವ ಆಮ್ಲಗಳನ್ನು ಒಸರಿ ಈ ಬೀಗವನ್ನು ಸಡಿಲಿಸುತ್ತವೆ. ಅಜೋಸ್ಪಿರಿಲಂ ಜೊತೆಗೆ ಇದನ್ನೂ ಬೆರೆಸಿ ಕೊಡುವುದು ವಾಡಿಕೆ.

ಪೊಟ್ಟಣದಲ್ಲಿ ಜೀವ ಇದೆಯೆ?

ಕಲ್ಲಿನಂಥ ಯೂರಿಯಾ ಹರಳು ಅಂಗಡಿಯಲ್ಲಿ ಎರಡು ವರ್ಷ ಬಿದ್ದಿದ್ದರೂ ಯೂರಿಯಾವೇ. ಜೀವಾಣು ಗೊಬ್ಬರ ಹಾಗಲ್ಲ. ಅದು ಹಾಲಿನ ಹೆಪ್ಪಿನಂತೆ. ಸತ್ತರೆ ಬರೀ ಪುಡಿ. ಲಿಗ್ನೈಟ್ ಪುಡಿಗೆ ಬ್ಯಾಕ್ಟೀರಿಯಾ ಬೆರೆಸಿದ ಕಪ್ಪು ಪೊಟ್ಟಣ ಬಸ್ಸಿನ ಟಾಪಿನ ಮೇಲೆ ಬೇಸಿಗೆಯ ಬಿಸಿಲು ಕುಡಿಯುತ್ತ ಬಂದು, ಕೀಟನಾಶಕದ ಡಬ್ಬಗಳ ಪಕ್ಕ ತಿಂಗಳುಗಟ್ಟಲೆ ಕುಳಿತರೆ ಒಳಗೆ ಏನು ಉಳಿದೀತು? ಕಣ್ಣಿಗೆ ಕಾಣದ ಸರಕನ್ನು ಕೊಳ್ಳುವವನು ನಂಬಿಕೆಯನ್ನೇ ಕೊಳ್ಳುತ್ತಾನೆ. ಸತ್ತ ಪೊಟ್ಟಣವನ್ನು ನಂಬಿ ಯೂರಿಯಾ ಕಡಿಮೆ ಮಾಡಿದವನಿಗೆ ಎರಡೂ ಕಡೆ ನಷ್ಟ. ಒಮ್ಮೆ ಮೋಸ ಹೋದ ಊರು ಹತ್ತು ವರ್ಷ ಜೀವಾಣುವಿನ ಹೆಸರೆತ್ತುವುದಿಲ್ಲ.

ಕೇಂದ್ರ ಸರ್ಕಾರ 1983ರಲ್ಲೇ ಜೀವಾಣು ಗೊಬ್ಬರಕ್ಕಾಗಿ ರಾಷ್ಟ್ರೀಯ ಯೋಜನೆ ಆರಂಭಿಸಿ ಗಾಜಿಯಾಬಾದಿನಲ್ಲಿ ಕೇಂದ್ರ ತೆರೆಯಿತು. ಗುಣಮಟ್ಟದ ಕಾನೂನು ಬರಲು ಮಾತ್ರ 2006ರವರೆಗೆ ಕಾಯಬೇಕಾಯಿತು. ಆ ವರ್ಷ ಅಜೋಸ್ಪಿರಿಲಂ, ರೈಜೋಬಿಯಂ, ಅಜಟೊಬ್ಯಾಕ್ಟರ್ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಯಿತು. ಮಾನದಂಡದ ಪ್ರಕಾರ ಪುಡಿಯಾದರೆ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ, ದ್ರವವಾದರೆ ಒಂದು ಮಿಲಿಲೀಟರಿನಲ್ಲಿ 10 ಕೋಟಿ ಜೀವಂತ ಕೋಶಗಳಿರಬೇಕು. ತಯಾರಾದ ದಿನ, ಅವಧಿ ಮುಗಿಯುವ ದಿನ, ಯಾವ ಬೆಳೆಗೆ ಎಂಬ ವಿವರ ಪೊಟ್ಟಣದ ಮೇಲಿರಬೇಕು. ಪುಡಿಯ ಆಯುಸ್ಸು ಸಾಮಾನ್ಯವಾಗಿ ಆರು ತಿಂಗಳು, ದ್ರವದ್ದು ಅದಕ್ಕಿಂತ ಹೆಚ್ಚು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಪೊಟ್ಟಣದ ಸಣ್ಣಕ್ಷರ ಓದಿಸುವ ಕೆಲಸವನ್ನು ಅವರಿಗೇ ಒಪ್ಪಿಸಬಹುದು. ಕೃಷಿ ವಿಶ್ವವಿದ್ಯಾಲಯಗಳ ಮಾರಾಟ ಮಳಿಗೆಯಿಂದಲೋ ರೈತ ಸಂಪರ್ಕ ಕೇಂದ್ರದಿಂದಲೋ ತರುವಾಗಲೂ ಈ ಓದು ತಪ್ಪಬಾರದು.

ಬಳಸುವ ಕ್ರಮ ಕಷ್ಟದ್ದೇನಲ್ಲ. ತಮಿಳುನಾಡಿನಲ್ಲಿ ಇದು ಭತ್ತದ ಬೇಸಾಯದ ಶಿಫಾರಸಿನಲ್ಲೇ ಸೇರಿಕೊಂಡಿದೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಲೆಕ್ಕದಂತೆ ಒಂದು ಹೆಕ್ಟೇರಿನ ನಾಟಿಗೆ ಸಸಿಗಳ ಬೇರು ಅದ್ದಲು 200 ಗ್ರಾಂನ ಐದು ಪೊಟ್ಟಣ. ಗದ್ದೆಯ ಬದುವಿನ ಬಳಿ ಪುಟ್ಟ ಗುಂಡಿ ಮಾಡಿ, ನೀರು ತುಂಬಿ, ಪುಡಿ ಕದಡಿ, ಕಿತ್ತ ಸಸಿ ಕಟ್ಟುಗಳ ಬೇರನ್ನು ಅರ್ಧ ಗಂಟೆ ಅದ್ದಿಡಬೇಕು. ಉಳಿದ ನೀರನ್ನು ಗದ್ದೆಗೇ ಚೆಲ್ಲಿದರಾಯಿತು. ನಾಟಿಗೆ ಮುಂಚೆ ಇನ್ನೂ ಹತ್ತು ಪೊಟ್ಟಣಗಳನ್ನು 25 ಕೆ.ಜಿ. ಕೊಟ್ಟಿಗೆ ಗೊಬ್ಬರ, 25 ಕೆ.ಜಿ. ಮಣ್ಣಿನೊಡನೆ ಬೆರೆಸಿ ಗದ್ದೆಗೆ ಎರಚುತ್ತಾರೆ. ರಂಜಕದ ಬ್ಯಾಕ್ಟೀರಿಯಾಕ್ಕೂ ಇದೇ ಕ್ರಮ. ಬಿಸಿಲಲ್ಲಿ ಪೊಟ್ಟಣ ಬಿಚ್ಚಬಾರದು, ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಾಗಲಿ ರಸಗೊಬ್ಬರದ ರಾಶಿಯಲ್ಲಾಗಲಿ ಇದನ್ನು ಕಲಸಬಾರದು. ಕೊಟ್ಟಿಗೆ ಗೊಬ್ಬರವನ್ನೇ ಕಾಣದ ಗದ್ದೆಯಲ್ಲಿ ಹೆಚ್ಚು ನಿರೀಕ್ಷಿಸಲೂ ಬಾರದು.

ಮೂರು ಪಟ್ಟಿಯ ಪರೀಕ್ಷೆ

ನಮ್ಮ ಗದ್ದೆಗೆ ಇದು ಹಿಡಿಸುತ್ತದೆಯೆ ಎಂದು ತಿಳಿಯಲು ಗದ್ದೆಯನ್ನೇ ಕೇಳಬೇಕು. ಪ್ರೌಢಶಾಲೆಯ ವಿದ್ಯಾರ್ಥಿಗೆ ವಿಜ್ಞಾನ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಜ್ವಾಲಾಮುಖಿಯ ಮಾದರಿ ಮಾಡಿ ಮಾಡಿ ಮೇಷ್ಟ್ರುಗಳಿಗೂ ಸಾಕಾಗಿದೆ.

ಸಾಮಾನ್ಯವಾಗಿ ಜನ ಮಾಡುವುದು ಹೀಗೆ: ಒಂದು ಮಡಿಗೆ ಪೂರ್ತಿ ಯೂರಿಯಾ, ಇನ್ನೊಂದಕ್ಕೆ ಮುಕ್ಕಾಲು ಯೂರಿಯಾ ಮತ್ತು ಜೀವಾಣು. ಎರಡರಲ್ಲೂ ಇಳುವರಿ ಸಮ ಬಂದರೆ ಜೀವಾಣು ಗೆದ್ದಿತು ಎಂದು ಸಂಭ್ರಮ. ಇಲ್ಲೊಂದು ಹುಳುಕಿದೆ. ಆ ಗದ್ದೆಗೆ ಮೊದಲಿನಿಂದಲೂ ಯೂರಿಯಾ ಹೆಚ್ಚೇ ಆಗುತ್ತಿದ್ದಿರಬಹುದು. ಹಾಗಿದ್ದರೆ ಜೀವಾಣು ಇಲ್ಲದೆಯೂ ಮುಕ್ಕಾಲು ಯೂರಿಯಾ ಸಾಕಾಗುತ್ತಿತ್ತು. ಆದ್ದರಿಂದ ಮೂರನೆಯ ಪಟ್ಟಿ ಬೇಕೇ ಬೇಕು: ಮುಕ್ಕಾಲು ಯೂರಿಯಾ, ಜೀವಾಣು ಇಲ್ಲ. ಎರಡನೆಯದೂ ಮೂರನೆಯದೂ ಸಮವಾದರೆ ಪೊಟ್ಟಣದ ಹಣ ವ್ಯರ್ಥ, ಆದರೆ ಅರ್ಧ ಚೀಲ ಯೂರಿಯಾ ಇಷ್ಟು ವರ್ಷ ವ್ಯರ್ಥವಾಗುತ್ತಿತ್ತು ಎಂಬುದು ಗೊತ್ತಾಯಿತು. ಎರಡನೆಯದು ಮೂರನೆಯದನ್ನು ಮೀರಿಸಿ ಮೊದಲನೆಯದಕ್ಕೆ ಸಮನಾದರೆ ಮಾತ್ರ ಜೀವಾಣುವಿಗೆ ಶಾಭಾಸ್ ಹೇಳಬಹುದು.

ಇನ್ನೂ ಹಟಮಾರಿ ವಿದ್ಯಾರ್ಥಿ ನಾಲ್ಕನೆಯ ಪಟ್ಟಿಯನ್ನೂ ಮಾಡಬಹುದು. ಅದಕ್ಕೂ ಮುಕ್ಕಾಲು ಯೂರಿಯಾ, ಜೊತೆಗೆ ಪ್ರೆಷರ್ ಕುಕ್ಕರಿನಲ್ಲಿ ಒಂದು ಗಂಟೆ ಬೇಯಿಸಿದ ಜೀವಾಣು ಪುಡಿ. ಪುಡಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿ ಬೇಯಿಸಬೇಕು, ಅಮ್ಮನ ಅಪ್ಪಣೆ ಪಡೆದು, ದೊಡ್ಡವರು ಪಕ್ಕದಲ್ಲಿದ್ದಾಗ. ಲಿಗ್ನೈಟ್ ಪುಡಿಯೇ ಪೈರಿಗೆ ಏನಾದರೂ ಮಾಡುತ್ತಿದೆಯೋ, ಅದರೊಳಗಿನ ಜೀವ ಮಾಡುತ್ತಿದೆಯೋ ಎಂಬುದನ್ನು ಬಿಡಿಸಿ ಹೇಳುವುದು ಈ ಪಟ್ಟಿ.

ಪಟ್ಟಿಗಳ ನಡುವೆ ಸಣ್ಣ ಬದು ಇರಲಿ, ಇಲ್ಲವಾದರೆ ನೀರಿನೊಡನೆ ಗೊಬ್ಬರವೂ ಬ್ಯಾಕ್ಟೀರಿಯಾವೂ ಅತ್ತಿತ್ತ ಓಡಾಡಿ ಲೆಕ್ಕ ಕೆಡಿಸುತ್ತವೆ. ನೀರು ಬರುವ ಬಾಯಿಯ ಹತ್ತಿರವೇ ಒಂದು ಪಟ್ಟಿ, ತೀರಾ ತುದಿಯಲ್ಲಿ ಇನ್ನೊಂದು ಆಗಬಾರದು. ಸಾಧ್ಯವಿದ್ದರೆ ಪ್ರತಿಯೊಂದನ್ನೂ ಗದ್ದೆಯ ಬೇರೆ ಬೇರೆ ಜಾಗದಲ್ಲಿ ಮೂರು ಸಲ ಮಾಡಿ, ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ನಾಟಿಯಾದ 30ನೆಯ ದಿನ ಪ್ರತಿ ಪಟ್ಟಿಯಿಂದ ಹತ್ತು ಬುಡ ಆರಿಸಿ ತೆಂಡೆ ಎಣಿಸಬೇಕು. ಒಂದೊಂದು ಬುಡ ಕಿತ್ತು ಬೇರು ತೊಳೆದು ನೋಡಿದರೆ, ವ್ಯತ್ಯಾಸ ಮೊದಲು ಕಾಣುವುದು ಅಲ್ಲೇ. ಎಲೆಯ ಹಸಿರನ್ನು ಬರಿಗಣ್ಣಿನಿಂದ ಅಂದಾಜು ಮಾಡುವ ಬದಲು ಭತ್ತದ ಎಲೆ ಬಣ್ಣದ ಪಟ್ಟಿ ಹಿಡಿದು ಹೋಲಿಸಬೇಕು. ಪ್ಲಾಸ್ಟಿಕ್ಕಿನ ಈ ಪುಟ್ಟ ಪಟ್ಟಿ ಮೇಲುಗೊಬ್ಬರ ಯಾವಾಗ ಬೇಕೆಂಬುದನ್ನೂ ಹೇಳುತ್ತದೆ. ನೋಡುವಾಗ ಎಲೆಗೆ ಬೆನ್ನಿನ ನೆರಳು ಬೀಳಿಸಿಕೊಳ್ಳಬೇಕು, ನೇರ ಬಿಸಿಲಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ.

ಕೊಯ್ಲಿನ ದಿನ ಪ್ರತಿ ಪಟ್ಟಿಯ ನಡುವಿನಿಂದ ಒಂದೇ ಅಳತೆಯ ಚೌಕ ಗುರುತಿಸಿ, ಅಂಚಿನ ಸಾಲುಗಳನ್ನು ಬಿಟ್ಟು, ಬೇರೆ ಬೇರೆ ಕೊಯ್ದು ಬೇರೆ ಬೇರೆಯಾಗಿಯೇ ಬಡಿಯಬೇಕು. ಜೊಳ್ಳು ತೂರಿ, ಎರಡು ಮೂರು ದಿನ ಒಟ್ಟಿಗೇ ಒಣಗಿಸಿ, ಆಮೇಲೆ ತೂಗಬೇಕು. ಹಸಿ ಭತ್ತದ ತೂಕದಲ್ಲಿ ನೀರಿನ ಪಾಲೆಷ್ಟು ಎಂಬುದು ಪಟ್ಟಿಯಿಂದ ಪಟ್ಟಿಗೆ ಬದಲಾಗುತ್ತದೆ. ಯೂರಿಯಾ ಹೆಚ್ಚು ತಿಂದ ಪೈರು ತಡವಾಗಿ ಮಾಗುವುದರಿಂದ ಮೊದಲನೆಯ ಪಟ್ಟಿಯ ಭತ್ತವೇ ಹೆಚ್ಚು ಹಸಿಯಾಗಿದ್ದು, ತಕ್ಕಡಿಯಲ್ಲಿ ಸುಮ್ಮನೆ ಭಾರ ತೋರಿಸಬಹುದು.